ಗಂಟಲಿನಲ್ಲಿ ವಸ್ತು ಸಿಕ್ಕಿಕೊಂಡಾಗ ಪ್ರಥಮ ಚಿಕಿತ್ಸೆ

ಅನ್ನನಾಳ ಮತ್ತು ಶ್ವಾಸನಾಳಗಳೆರಡೂ ಗಂಟಲಿನಿಂದಲೇ ಆರಂಭವಾಗುತ್ತವೆ. ನುಂಗುವಾಗ ಮುಚ್ಚಳದಂತಹ ಒಂದು ಅಂಗವು ಶ್ವಾಸನಾಳದ ದ್ವಾರವನ್ನು ಮುಚ್ಚುತ್ತದೆ. ಊಟದ ನಡುವೆ ಮಾತನಾಡಿದಾಗ ಅಥವಾ ನಕ್ಕಾಗ ಆಹಾರದ ತುಣುಕು ದಾರಿ ತಪ್ಪಿ ಶ್ವಾಸನಾಳದತ್ತ ಜಾರಬಹುದು. ಇದನ್ನೇ ಜನರು ‘ನೆತ್ತಿ ಹತ್ತಿತು’ ಎನ್ನುತ್ತಾರೆ. ಯಾರೋ ನೆನೆಸಿಕೊಂಡರೆಂದು ಹೇಳಿ ತಲೆ ತಟ್ಟುವುದು, ನೀರು ಕುಡಿಸುವುದು ರೂಢಿಯಲ್ಲಿದೆ. ತಲೆ ತಟ್ಟುವುದರಿಂದ ಪ್ರಯೋಜನವಿಲ್ಲ. ಉಸಿರು ಕಟ್ಟಿದಾಗ ನೀರು ಕುಡಿಸುವುದು ಅಪಾಯಕರ.

ಕೆಮ್ಮುತ್ತಿದ್ದರೆ

ಸಿಕ್ಕಿಕೊಂಡ ವಸ್ತುವನ್ನು ಹೊರದೂಡಲು ಕೆಮ್ಮೇ ಅತ್ಯುತ್ತಮ ಸಾಧನ. ವ್ಯಕ್ತಿಯು ಜೋರಾಗಿ ಕೆಮ್ಮುತ್ತಾ ಮಾತನಾಡಬಲ್ಲವನಾಗಿದ್ದರೆ ಬೆನ್ನಿಗೆ ಹೊಡೆಯದೆ, ಕೆಮ್ಮಲು ಉತ್ತೇಜಿಸಿ ಜೊತೆಯಲ್ಲಿಯೇ ಇರಬೇಕು.

ಕೆಮ್ಮಲು ಆಗದಿದ್ದರೆ

ಮಾತು ಹೊರಡದಿರುವುದು, ಕೆಮ್ಮು ಕ್ಷೀಣಿಸುವುದು, ಕೈಗಳಿಂದ ಕುತ್ತಿಗೆ ಹಿಡಿದುಕೊಳ್ಳುವುದು, ತುಟಿ ನೀಲಿಗಟ್ಟುವುದು ಅಪಾಯದ ಚಿಹ್ನೆಗಳು. ಇಂತಹ ಸಂದರ್ಭದಲ್ಲಿ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುತ್ತದೆ. ಆದ್ದರಿಂದ ಒಬ್ಬರು 108 ಅಥವಾ 112ಕ್ಕೆ ಕರೆ ಮಾಡುವಾಗಲೇ ಮತ್ತೊಬ್ಬರು ಈ ಕ್ರಮಗಳನ್ನು ಕೈಗೊಳ್ಳತಕ್ಕದ್ದು:

1. ವ್ಯಕ್ತಿಯನ್ನು ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ಹೊಡೆಯಿರಿ.

2. ವಸ್ತು ಹೊರಬರದಿದ್ದರೆ, ಹಿಂದೆ ನಿಂತು ಹೊಟ್ಟೆಯನ್ನು ತೋಳುಗಳಿಂದ ಬಳಸಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಬಾರಿ ಬಲವಾಗಿ ಒತ್ತಿರಿ. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಚುರಪಡಿಸಿದ ವಿಧಾನವಿದು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ಮಧ್ಯಭಾಗವನ್ನು ಒತ್ತಬೇಕು.

3. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮುಂದುವರಿಸಿರಿ.

4. ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ ಒತ್ತುತ್ತಿರಬೇಕು. ಬಾಯಲ್ಲಿ ವಸ್ತು ಕಂಡರೆ ಮಾತ್ರ ತೆಗೆಯಬೇಕು. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಾಡಕೂಡದು, ಅದು ಇನ್ನಷ್ಟು ಒಳಸರಿದೀತು.

ಹಸುಗೂಸುಗಳಿಗೆ

ಒಂದು ವರ್ಷದೊಳಗಿನ ಶಿಶುವಿನ ಹೊಟ್ಟೆಯನ್ನು ಒತ್ತಕೂಡದು. ಶಿಶುವನ್ನು ಮುಂದೋಳಿನ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಮಲಗಿಸಿ, ಬೆನ್ನಿಗೆ 5 ಬಾರಿ ಹೊಡೆಯಬೇಕು. ನಂತರ ಅಂಗಾತ ತಿರುಗಿಸಿ ಎದೆಯ ಮಧ್ಯಭಾಗವನ್ನು 5 ಬಾರಿ ಒತ್ತಬೇಕು. ತಲೆಗೆ ಸದಾ ಆಸರೆಯಿರಲಿ.

ಕೆಮ್ಮು ನಿಂತರೂ ಎಚ್ಚರಿಕೆ

ಗಂಟಲು ದಾಟಿದ ವಸ್ತು ಶ್ವಾಸಕೋಶದಲ್ಲಿ ಉಳಿಯಬಹುದು. 2024ರಲ್ಲಿ ಚೆನ್ನೈನ ವೈದ್ಯರು 5 ವರ್ಷದ ಬಾಲಕನ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದ್ದ ಪುಟ್ಟ ಎಲ್‌ಇಡಿ ದೀಪವನ್ನು ಎದೆ ಕೊಯ್ಯದೆ, ದರ್ಶಕನಳಿಕೆಯ ಮೂಲಕ ಹೊರತೆಗೆದರು. ಆದ್ದರಿಂದ ಉಸಿರುಕಟ್ಟಿದ ಬಳಿಕ ಕೆಮ್ಮು, ಉಬ್ಬಸ ಅಥವಾ ಜ್ವರ ಮುಂದುವರಿದರೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಹೊಟ್ಟೆ ಒತ್ತಿಸಿಕೊಂಡವರೂ ವೈದ್ಯರ ತಪಾಸಣೆಗೆ ಒಳಗಾಗಬೇಕು.

ಮುನ್ನೆಚ್ಚರಿಕೆ

ಕಡಲೆಕಾಯಿ ಬೀಜ, ಅಡಿಕೆ ಚೂರು, ಹುಣಸೆ ಬೀಜ, ಗುಂಡಿ, ಆಟಿಕೆಯ ಬಿಡಿಭಾಗಗಳು ಚಿಕ್ಕ ಮಕ್ಕಳ ಕೈಗೆ ಸಿಗದಂತಿರಲಿ. ಅಳುವ ಅಥವಾ ಓಡಾಡುವ ಮಗುವಿಗೆ ತುತ್ತು ನೀಡಬಾರದು. ಕೆಮ್ಮುವವರನ್ನು ಕೆಮ್ಮಲು ಬಿಡುವುದು, ಕೆಮ್ಮಲಾರದವರಿಗೆ ತಡಮಾಡದೆ ನೆರವಾಗುವುದು - ಈ ವಿವೇಚನೆ ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು.