ಗಣಕಯಂತ್ರದ ಎರಡು ಕಾಲಗಳು

ಗಣಕಯಂತ್ರದಲ್ಲಿ ಒಂದೇ ಗಡಿಯಾರವಿದೆಯೆಂಬ ಭಾವನೆ ಸಾಮಾನ್ಯವಾದುದು. ಆದರೆ ಅದು ಸರಿಯಲ್ಲ. ಯಂತ್ರವನ್ನು ಆರಿಸಿದಾಗಲೂ ಸಣ್ಣ ಬ್ಯಾಟರಿಯ ಬಲದಿಂದ ನಡೆಯುವ ಗಡಿಯಾರವೊಂದುಂಟು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ ಎಚ್ಚೆತ್ತೊಡನೆ ಅದರಿಂದ ವೇಳೆಯನ್ನು ತಿಳಿದುಕೊಂಡು, ಮುಂದೆ ಯಂತ್ರದ ಮಿಡಿತಗಳನ್ನೆಣಿಸಿ ತಾನೇ ಲೆಕ್ಕವಿಡುತ್ತದೆ. ಆ ಲೆಕ್ಕವೂ ಎರಡು ಬಗೆ. ಒಂದು ಲೋಕದ ವೇಳೆ. ಇದನ್ನು ಹಿಂದಕ್ಕೂ ಮುಂದಕ್ಕೂ ತಿದ್ದಬಹುದು. ಇನ್ನೊಂದು ಯಂತ್ರ ಹೊರಟಂದಿನಿಂದ ಸಂದ ಕಾಲ; ಇದು ಎಂದಿಗೂ ಹಿಂದೆ ಸರಿಯದು.

ಈ ಭೇದದ ಮಹತ್ತ್ವ 2012ರಲ್ಲಿ ವಿಶದವಾಯಿತು. ಭೂಮಿಯ ಭ್ರಮಣವು ಪರಮಾಣು ಗಡಿಯಾರಗಳಷ್ಟು ಕ್ರಮಬದ್ಧವಲ್ಲ. ಅಂತರವನ್ನು ಸರಿದೂಗಿಸಲು ಆ ವರ್ಷದ ಜೂನ್ 30ರ ಕೊನೆಗೆ ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ನಮ್ಮಲ್ಲಿ ಆಗ ಜುಲೈ 1ರ ಬೆಳಗಿನ ಐದೂವರೆ. (ಅಧಿಕಮಾಸವನ್ನು ಬಲ್ಲ ನಮಗೆ ಈ ಉಪಾಯ ಹೊಸತೇನಲ್ಲ.) ಕರ್ನಲ್ ಲೋಕದ ವೇಳೆಯನ್ನು ಒಂದು ಸೆಕೆಂಡು ಹಿಂದಕ್ಕೆ ಸರಿಸಿತು, ಆದರೆ ಮಲಗಿದ ಕೆಲಸಗಳನ್ನು ಹೊತ್ತಿಗೆ ಎಬ್ಬಿಸುವ ತನ್ನದೇ ವಿಭಾಗಕ್ಕೆ ಆ ಸುದ್ದಿಯನ್ನು ಮುಟ್ಟಿಸಲಿಲ್ಲ. ಕಿರ್ದಿಯಲ್ಲಿ ತಿದ್ದಿದ ಅಂಕಿಯನ್ನು ಖಾತೆಗೆ ಇಳಿಸದೆ ಬಿಟ್ಟರೆ ಬ್ಯಾಂಕಿನಲ್ಲಿ ಆಗುವ ಫಜೀತಿಯೇ ಇಲ್ಲಿಯೂ ಆಯಿತು. ಲೋಕದ ವೇಳೆಯನ್ನು ನಂಬಿ ಅರೆ ಸೆಕೆಂಡು ಮಲಗಹೊರಟ ಕೆಲಸವು ಮಲಗಿದೊಡನೆ ಎದ್ದಿತು. ಮತ್ತೆ ಮಲಗಿತು, ಮತ್ತೆ ಎದ್ದಿತು. ಅನೇಕ ಸರ್ವರುಗಳು ಈ ವ್ಯರ್ಥ ದುಡಿಮೆಯಲ್ಲಿ ಬಸವಳಿದವು. ಅವಧಿಯನ್ನು ಅಳೆಯಬೇಕಾದವರು ಸಂದ ಕಾಲವನ್ನೇ ಆಶ್ರಯಿಸತಕ್ಕದ್ದೆಂಬುದು ನನ್ನ ಮತ.

ಪರಿಹಾರವೋ ಸೋಜಿಗದ್ದು. ಯಂತ್ರಕ್ಕೆ ಅದೇ ವೇಳೆಯನ್ನು ಇನ್ನೊಮ್ಮೆ ಹೊಂದಿಸಿದರೆ ಸಾಕಾಗಿತ್ತು; ಆ ನೆಪದಲ್ಲಿ ತಿದ್ದುಪಡಿಯು ಎರಡನೆಯ ಪುಸ್ತಕಕ್ಕೂ ತಲುಪುತ್ತಿತ್ತು.