ಕರಡಿ ಎದುರಾದರೆ ಯಾವ ಗುಂಡು?

ಪ್ರಶ್ನೆ: ಅಲಾಸ್ಕಾದ ಕಾಡು ಸುತ್ತುವವರು ಕಂದು ಕರಡಿಯಿಂದ ಪಾರಾಗಲು ಎಂಥ ಕೈಬಂದೂಕು ಒಯ್ಯುತ್ತಾರೆ?

ಉತ್ತರ: ಬಹುಕಾಲದಿಂದ ಹೆಸರಾದದ್ದು 1955ರಲ್ಲಿ ಬಂದ .44 ಮ್ಯಾಗ್ನಮ್ ರಿವಾಲ್ವರ್. ಈಚೆಗೆ ಹೆಚ್ಚು ಗುಂಡು ಹಿಡಿಯುವ 10 ಮಿ.ಮೀ. ಪಿಸ್ತೂಲಿಗೂ ಒಲವಿದೆ. ಆದರೆ ಬಂದೂಕಿನಷ್ಟೇ ಗುಂಡಿನ ಆಯ್ಕೆಯೂ ಮುಖ್ಯ. ಟೊಳ್ಳು ಮೂತಿಯ ಗುಂಡು ಒಳಹೊಕ್ಕೊಡನೆ ಅರಳಿ ಬೇಗ ನಿಂತುಬಿಡುತ್ತದೆ. ಕರಡಿಯ ದಪ್ಪ ಕೊಬ್ಬು, ಸ್ನಾಯು, ಮೂಳೆಗಳನ್ನು ಸೀಳಿ ಮರ್ಮ ಮುಟ್ಟಲು ಗಟ್ಟಿ ಸೀಸದ, ಚಪ್ಪಟೆ ಮೂತಿಯ ಭಾರವಾದ ಗುಂಡೇ ಬೇಕು. ನುಗ್ಗಿ ಬರುವ ಪ್ರಾಣಿ ಕೊಡುವುದು ಕೆಲವೇ ಸೆಕೆಂಡು; ಒದೆತ ತಡೆದು ಗುರಿ ಹಿಡಿಯಲಾಗದವರಿಗೆ ದೊಡ್ಡ ರಿವಾಲ್ವರ್ ಬರೀ ಹೊರೆ. ಅಲಾಸ್ಕಾದ ಘಟನೆಗಳನ್ನು ಪರಿಶೀಲಿಸಿದ 2008ರ ಅಧ್ಯಯನದ ಪ್ರಕಾರ, ಖಾರದ ಸ್ಪ್ರೇ ಬಳಸಿದಾಗ ಶೇ. 92ರಷ್ಟು ಸಲ ಕಂದು ಕರಡಿಗಳು ಹಿಮ್ಮೆಟ್ಟಿದ್ದವು. ಬಂದೂಕಿದ್ದರೂ ಸೊಂಟದಲ್ಲಿ ಸ್ಪ್ರೇ ಡಬ್ಬಿ ಇರಲಿ.