ಏಸಾ ಗ್ರೇ ಕಾಪಿಟ್ಟ ಕಾಗದಗಳು

1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಮೊದಲ ಸಲ ಓದಿದಾಗ ಸಭೆಯ ಮುಂದಿದ್ದದ್ದು ಮೂರು ಬರಹಗಳು. ಒಂದು, ಚಾರ್ಲ್ಸ್ ಡಾರ್ವಿನ್ 1844ರಲ್ಲೇ ಬರೆದು ಪ್ರಕಟಿಸದೆ ಇಟ್ಟುಕೊಂಡಿದ್ದ ಪ್ರಬಂಧದ ಭಾಗ. ಇನ್ನೊಂದು, ಮಲಯ ದ್ವೀಪಸಮೂಹದಿಂದ ಆಲ್ಫ್ರೆಡ್ ರಸೆಲ್ ವಾಲೇಸ್ ಕಳಿಸಿದ್ದ ಲೇಖನ. ಉಳಿದದ್ದು, ಡಾರ್ವಿನ್ 1857ರ ಸೆಪ್ಟೆಂಬರ್ 5ರಂದು ಅಮೆರಿಕಕ್ಕೆ ಬರೆದ ಪತ್ರವೊಂದರ ಸಾರಾಂಶ. ಒಂದೇ ವಿಚಾರ ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆದಿತ್ತು. ವಾಲೇಸರ ಲೇಖನ ಕೈಗೆ ಬರುವುದಕ್ಕೆ ತಿಂಗಳುಗಳ ಮೊದಲೇ ತಮ್ಮ ವಾದ ಪೂರ್ಣರೂಪ ಪಡೆದಿತ್ತೆಂದು ತೋರಿಸಲು ಡಾರ್ವಿನ್‌ಗೆ ಈ ಪತ್ರದ ತಾರೀಕು ಆಧಾರವಾಯಿತು. ಪತ್ರ ಪಡೆದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸಸ್ಯಶಾಸ್ತ್ರಜ್ಞ ಏಸಾ ಗ್ರೇ. ಲಂಡನ್ನಿನಲ್ಲಿ ಓದಿದ್ದು ಡಾರ್ವಿನ್ ಉಳಿಸಿಕೊಂಡಿದ್ದ ಪ್ರತಿ. ಅಂಚೆಯಲ್ಲಿ ಹೋದ ಪ್ರತಿ ಗ್ರೇ ಬಳಿ ಇತ್ತು. ಅದು ಇಂದಿಗೂ ಅವರ ಹೆಸರಿನ ಹರ್ಬೇರಿಯಂನ, ಅಂದರೆ ಒಣಸಸ್ಯ ಸಂಗ್ರಹಾಲಯದ, ದಾಖಲೆಗಳಲ್ಲಿದೆ. ವಿಜ್ಞಾನಿಯ ಖಾಸಗಿ ಕಾಗದಪತ್ರಗಳನ್ನು ಗೌರವಕ್ಕಾಗಿ ಎತ್ತಿಡುವ ನೆನಪಿನ ವಸ್ತುಗಳೆಂದು ಬಗೆಯುವುದು ನಮ್ಮ ರೂಢಿ. ಗ್ರೇ ಬದುಕು ಮತ್ತು ಅವರ ದಾಖಲೆ ಹೇಳುವುದೇ ಬೇರೆ: ಇವು ವಿಜ್ಞಾನದ ಸಾಕ್ಷ್ಯದ ಭಾಗ. ಒಣಗಿಸಿಟ್ಟ ಗಿಡದ ಹಾಳೆಯನ್ನೂ ಅದರ ಸುತ್ತ ಹುಟ್ಟಿದ ಪತ್ರ, ಟಿಪ್ಪಣಿ, ದಿನಚರಿಗಳನ್ನೂ ಬೇರ್ಪಡಿಸಿದರೆ ಎರಡೂ ಅರ್ಧ ಮಾತಾಡುತ್ತವೆ.

ಗ್ರೇ ಹುಟ್ಟಿದ್ದು 1810ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಕ್ವಾಯ್ಟ್ ಎಂಬಲ್ಲಿ, ಚರ್ಮ ಹದಮಾಡುವವರ ಮನೆಯಲ್ಲಿ. 1831ರಲ್ಲಿ ವೈದ್ಯ ಪದವಿ ಪಡೆದರೂ ಮನಸ್ಸು ನಿಂತದ್ದು ಗಿಡಗಳ ಮೇಲೆ. ನ್ಯೂಯಾರ್ಕಿನ ಜಾನ್ ಟೋರಿ ಅವರಿಗೆ ಗುರುವೂ ಸಹಲೇಖಕರೂ ಆದರು. ಉತ್ತರ ಅಮೆರಿಕದ ಸಸ್ಯಸಂಪತ್ತನ್ನು ಕುರಿತ ದೊಡ್ಡ ಗ್ರಂಥಕ್ಕೆ ಇಬ್ಬರೂ ಸೇರಿ ಕೈಹಾಕಿದರು. 1838ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯ ಗ್ರೇ ಅವರನ್ನು ಪ್ರಾಧ್ಯಾಪಕರಾಗಿ ನೇಮಿಸಿ, ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಲು 5,000 ಡಾಲರ್ ಕೊಟ್ಟು ಯುರೋಪಿಗೆ ಕಳಿಸಿತು. ಅಮೆರಿಕದ ಎಷ್ಟೋ ಗಿಡಗಳಿಗೆ ಹೆಸರಿಡಲು ಆಧಾರವಾದ ಮೂಲ ಮಾದರಿಗಳು ಆಗ ಇದ್ದದ್ದು ಯುರೋಪಿನಲ್ಲೇ. ತಮ್ಮ ದೇಶದ ಗಿಡವನ್ನು ಗುರುತಿಸಲು ಲಂಡನ್, ಪ್ಯಾರಿಸ್‌ಗಳ ಕಪಾಟು ತೆರೆಯಬೇಕಾದ ಸ್ಥಿತಿಯನ್ನು ಗ್ರೇ ಅಲ್ಲಿ ಕಣ್ಣಾರೆ ಕಂಡರು. 1842ರಲ್ಲಿ ಹಾರ್ವರ್ಡ್ ಸೇರಿದಾಗ ಅಲ್ಲಿ ಹೇಳಿಕೊಳ್ಳುವಂಥ ಹರ್ಬೇರಿಯಂ ಇರಲಿಲ್ಲ. ಮುಂದಿನ ಎರಡು ದಶಕ ಅವರು ಅದನ್ನು ಕಟ್ಟಿದರು. 1848ರಲ್ಲಿ ಬಂದ ಅವರ ಕೈಪಿಡಿ, ಉತ್ತರದ ರಾಜ್ಯಗಳ ಸಸ್ಯಗಳನ್ನು ಗುರುತಿಸುವ ಪುಸ್ತಕ, ಪರಿಷ್ಕರಣೆಗಳ ಮೂಲಕ ಬದುಕಿ 1950ರಲ್ಲಿ ಎಂಟನೆಯ ಆವೃತ್ತಿ ಕಂಡಿತು. 1864ರಲ್ಲಿ ಸುಮಾರು 2 ಲಕ್ಷ ಒಣಸಸ್ಯ ಮಾದರಿಗಳನ್ನೂ ಸುಮಾರು 2,200 ಪುಸ್ತಕಗಳನ್ನೂ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆದರೆ ಒಂದು ಷರತ್ತಿತ್ತು: ಬೆಂಕಿ ತಗುಲದ ಕಟ್ಟಡ ಬೇಕು. ಕಟ್ಟಡದ ಖರ್ಚನ್ನು ಬಾಸ್ಟನ್ನಿನ ನಥಾನಿಯಲ್ ಥೇಯರ್ ಹೊತ್ತರು. 1888ರ ಜನವರಿ 30ರಂದು ಗ್ರೇ ತೀರಿಕೊಂಡರು.

ಕಾಗದವಿಲ್ಲದ ಮಾದರಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಗ್ರೇ ಬದುಕಿನಲ್ಲೇ ಬಲವಾದ ನಿದರ್ಶನವಿದೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಂದ್ರೆ ಮಿಶೋ ಅವರ ಸಂಗ್ರಹವನ್ನು ತಿರುವಿ ಹಾಕುತ್ತಿದ್ದರು. ಅದರಲ್ಲಿ ಹೆಸರಿಲ್ಲದ ಒಂದು ಗಿಡ ಸಿಕ್ಕಿತು. ಹೂವಿಲ್ಲ, ಕಾಯಿ ಮಾತ್ರ ಇದೆ. ಕೆರೊಲಿನಾದ ಎತ್ತರದ ಬೆಟ್ಟಗಳಲ್ಲಿ ಸಿಕ್ಕಿದ್ದು ಎಂದು ಚೀಟಿ ಹೇಳುತ್ತದೆ. 1842ರಲ್ಲಿ ಗ್ರೇ ಅದಕ್ಕೆ ಕೆಂಟಕಿಯ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಶಾರ್ಟ್ ಅವರ ಗೌರವಾರ್ಥ ಶಾರ್ಟಿಯಾ ಎಂದು ಹೆಸರಿಟ್ಟರು. ಚೀಟಿಯನ್ನು ನಂಬಿ ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಹುಡುಕಿದರು, ಗಿಡ ಸಿಗಲಿಲ್ಲ. ಕೊನೆಗೆ 1877ರಲ್ಲಿ ಅದೇ ರಾಜ್ಯದ ಕಟಾಬಾ ನದಿಯ ಬದಿಯಲ್ಲಿ, ಬೆಟ್ಟದ ನೆತ್ತಿಯಿಂದ ಬಹಳ ಕೆಳಗೆ, ಜಾರ್ಜ್ ಹೈಯಮ್ಸ್ ಎಂಬ ಹದಿಹರೆಯದ ಹುಡುಗನ ಕಣ್ಣಿಗೆ ಅದು ಬಿತ್ತು. ಆದರೂ ಮಿಶೋ ಅದನ್ನು ಕಿತ್ತ ಮೂಲ ಜಾಗ ಯಾವುದೆಂಬುದು ತಿಳಿದಿರಲಿಲ್ಲ. 1886ರಲ್ಲಿ ಹಾರ್ವರ್ಡಿನ ಆರ್ನಾಲ್ಡ್ ಸಸ್ಯೋದ್ಯಾನದ ನಿರ್ದೇಶಕ ಚಾರ್ಲ್ಸ್ ಸಾರ್ಜೆಂಟ್ ಮಿಶೋ ದಿನಚರಿಯ ಜಾಡು ಹಿಡಿದು ದಕ್ಷಿಣ ಕೆರೊಲಿನಾದ ಕಿಯೋವಿ ನದಿಯ ಉಗಮದ ಕಡೆ ಹೋದರು. ಅಲ್ಲಿ ಶಾರ್ಟಿಯಾ ಸಿಕ್ಕಿತು. ಆ ದಿನಚರಿಯ ಕೈಬರಹ ಇದ್ದದ್ದು ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯಲ್ಲಿ. ಗಿಡ ಪ್ಯಾರಿಸ್ಸಿನಲ್ಲಿ, ಗಿಡದ ಕಥೆ ಫಿಲಡೆಲ್ಫಿಯಾದಲ್ಲಿ. ಎರಡನ್ನೂ ಒಟ್ಟಿಗೆ ಓದುವವರೆಗೆ ಉತ್ತರ ಸಿಗಲಿಲ್ಲ. ಚೀಟಿಯ ಒಂದು ಸಾಲು ಗ್ರೇ ಅವರಂಥವರನ್ನೂ ತಪ್ಪು ಬೆಟ್ಟಕ್ಕೆ ಹತ್ತಿಸಿತು, ದಿನಚರಿ ಸರಿಯಾದ ಕಣಿವೆಗೆ ಇಳಿಸಿತು.

ಎರಡನೆಯ ಸಾಕ್ಷಿ ಇನ್ನೂ ದೊಡ್ಡದು. 1855ರ ಏಪ್ರಿಲ್‌ನಲ್ಲಿ ಡಾರ್ವಿನ್ ಅಮೆರಿಕದ ಎತ್ತರದ ಬೆಟ್ಟಗಳ ಗಿಡಗಳ ಬಗ್ಗೆ ಗ್ರೇ ಅವರಿಗೆ ಪ್ರಶ್ನೆಗಳನ್ನು ಬರೆದು ಕಳಿಸಿದರು. ಯಾವ ಗಿಡ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಯಾವುದಕ್ಕೆ ಬೇರೆ ಖಂಡದಲ್ಲಿ ಬಂಧುಗಳಿವೆ ಎಂಬಂಥ ಪ್ರಶ್ನೆಗಳು ಗ್ರೇ ಅವರನ್ನು ಉತ್ತರದ ರಾಜ್ಯಗಳ ಗಿಡಗಳ ಅಂಕಿಅಂಶ ಕಲೆಹಾಕುವಂತೆ ಮಾಡಿದವು. ಅಷ್ಟರಲ್ಲಿ ಅಮೆರಿಕದ ನೌಕಾಯಾತ್ರೆಯೊಂದರ ಜೊತೆ ಹೋಗಿದ್ದ ಚಾರ್ಲ್ಸ್ ರೈಟ್ ಜಪಾನಿನ ಮಾದರಿಗಳನ್ನು ತಂದುಕೊಟ್ಟರು. ಅವನ್ನು ಪರಿಶೀಲಿಸಿ 1859ರಲ್ಲಿ ಗ್ರೇ ಪ್ರಕಟಿಸಿದ ಲೇಖನ ಸಸ್ಯಭೂಗೋಳದ ಇತಿಹಾಸದಲ್ಲಿ ಮೈಲಿಗಲ್ಲು. ಪೂರ್ವ ಅಮೆರಿಕದ ಕಾಡುಗಳ ಗಿಡಗಳಿಗೆ ಹತ್ತಿರದ ನೆಂಟರು ಎಷ್ಟೋ ಸಲ ಪಶ್ಚಿಮ ಅಮೆರಿಕದಲ್ಲಿಲ್ಲ, ಜಪಾನ್ ಮತ್ತು ಪೂರ್ವ ಏಷ್ಯಾದಲ್ಲಿವೆ ಎಂದು ಅವರು ತೋರಿಸಿದರು. ಔಷಧಿಯಾಗಿ ನಮಗೆ ಪರಿಚಿತವಾದ ಜಿನ್ಸೆಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಶಾರ್ಟಿಯಾಕ್ಕೂ ಜಪಾನಿನಲ್ಲಿ ಬಂಧುವಿದೆ. ಹವೆ ಬೆಚ್ಚಗಿದ್ದ ಪ್ರಾಚೀನ ಕಾಲದಲ್ಲಿ ಉತ್ತರದಲ್ಲಿ ಈ ಸಸ್ಯಗಳು ಎಡೆಬಿಡದೆ ಹಬ್ಬಿದ್ದವು, ಹಿಮಯುಗ ಅವನ್ನು ದಕ್ಷಿಣಕ್ಕೆ ತಳ್ಳಿ ಬೇರ್ಪಡಿಸಿತು ಎಂಬುದು ಗ್ರೇ ವಾದ. ಪ್ರತಿ ಜೀವಿಯೂ ತಾನಿರುವಲ್ಲೇ ಪ್ರತ್ಯೇಕವಾಗಿ ಸೃಷ್ಟಿಯಾಯಿತು ಎನ್ನುತ್ತಿದ್ದ ಹಾರ್ವರ್ಡಿನ ಸಹೋದ್ಯೋಗಿ ಲೂಯಿ ಅಗಾಸಿಜ್ ಅವರಿಗೆ ಇದು ನೇರ ಉತ್ತರವಾಗಿತ್ತು. ಪ್ರಕಟಿತ ಲೇಖನ ನಮಗೆ ಈ ತೀರ್ಮಾನವನ್ನು ಕೊಡುತ್ತದೆ. ಪ್ರಶ್ನೆ ಎಲ್ಲಿಂದ ಬಂತು, ಯಾವ ಅನುಮಾನಗಳನ್ನು ದಾಟಿತು ಎಂಬುದನ್ನು ಹೇಳುವುದು ಪತ್ರಗಳು.

ಇಂಥ ಕಾಗದಗಳನ್ನು ಉಳಿಸಬೇಕೆನ್ನುವುದಕ್ಕೆ ಮೊದಲ ಆಕ್ಷೇಪ ಹೀಗಿರಬಹುದು: ಮುಖ್ಯವಾದ ಪತ್ರಗಳು ಅಚ್ಚಾಗಿವೆಯಲ್ಲ, ಮೂಲ ಕಾಗದ ಏಕೆ ಬೇಕು? ಗ್ರೇ ಪತ್ನಿ ಜೇನ್ ಲೋರಿಂಗ್ ಗ್ರೇ 1893ರಲ್ಲಿ ಪತಿಯ ಪತ್ರಗಳನ್ನು ಎರಡು ಸಂಪುಟಗಳಲ್ಲಿ ಸಂಪಾದಿಸಿದ್ದು ನಿಜ, ಅದು ಬೆಲೆಬಾಳುವ ಕೆಲಸ. ಆದರೆ ಅದು ಆಯ್ಕೆ. ಮತ್ತು ಅಲ್ಲಿರುವುದು ಮುಖ್ಯವಾಗಿ ಗ್ರೇ ಬರೆದದ್ದು. ಅವರಿಗೆ ಬಂದ ಪತ್ರಗಳಿಲ್ಲದೆ ಸಂವಾದದ ಒಂದು ಪಕ್ಕ ಮಾತ್ರ ಕೇಳುತ್ತದೆ. ಎರಡನೆಯ ಆಕ್ಷೇಪ, ಎಲ್ಲವನ್ನೂ ಸ್ಕ್ಯಾನ್ ಮಾಡಿದರೆ ಸಾಲದೇ ಎಂಬುದು. ಸ್ಕ್ಯಾನಿಂಗ್ ಬೇಕೇ ಬೇಕು. ಡಾರ್ವಿನ್ ಪತ್ರವ್ಯವಹಾರದ 30 ಸಂಪುಟಗಳ ಯೋಜನೆ 2023ರಲ್ಲಿ ಮುಗಿದು ಜಗತ್ತಿನ ಓದುಗರಿಗೆಲ್ಲ ದಕ್ಕಿದೆ. ಆದರೆ ಚಿತ್ರದಿಂದ ಡಿಎನ್‌ಎ ತೆಗೆಯಲಾಗದು. ಇನ್ನೂರು ವರ್ಷದ ಹಳೆಯ ಎಲೆಯಿಂದ ತೆಗೆಯಬಹುದು. ಯಾವ ಪ್ರಶ್ನೆ ಮುಂದೆ ಏಳುತ್ತದೆಂದು ಇಂದು ಯಾರಿಗೂ ಗೊತ್ತಿಲ್ಲದಿರುವುದರಿಂದಲೇ ಮೂಲವನ್ನು ಉಳಿಸಬೇಕು.

ಮೂರನೆಯದು ಹಣದ ಮಾತು, ಅದು ಹಗುರವಾದುದಲ್ಲ. 2024ರ ಫೆಬ್ರವರಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಸುಮಾರು 8.25 ಲಕ್ಷ ಮಾದರಿಗಳ ತನ್ನ ಹರ್ಬೇರಿಯಂ ಅನ್ನು ಮುಚ್ಚಿ ಬೇರೆಡೆಗೆ ಸಾಗಿಸುವುದಾಗಿ ಪ್ರಕಟಿಸಿತು. ಶ್ರೀಮಂತ ಸಂಸ್ಥೆಗೇ ಜಾಗ, ಸಿಬ್ಬಂದಿಯ ಖರ್ಚು ಭಾರವೆನಿಸಿದರೆ ಉಳಿದವರ ಪಾಡೇನು? ಗ್ರೇ ಹಾಕಿದ ಷರತ್ತು ಇಲ್ಲಿ ಪಾಠವಾಗುತ್ತದೆ. ಸಂಗ್ರಹವನ್ನು ಕೊಟ್ಟು ಕೈತೊಳೆದುಕೊಳ್ಳದೆ ಅದನ್ನು ಕಾಯುವ ಹೊಣೆಯನ್ನೂ ಅವರು ಸಂಸ್ಥೆಗೆ ವಹಿಸಿದರು. ಅವರ 2 ಲಕ್ಷ ಮಾದರಿಗಳ ಮೇಲೆ ಬೆಳೆದ ಹಾರ್ವರ್ಡ್ ಸಂಗ್ರಹ ಇಂದು 50 ಲಕ್ಷ ದಾಟಿದೆ. ನಾಲ್ಕನೆಯ ಆಕ್ಷೇಪ ನ್ಯಾಯದ್ದು: ದಾಖಲೆಗಳು ದೊಡ್ಡ ಪ್ರಾಧ್ಯಾಪಕರನ್ನಷ್ಟೇ ಬೆಳಗುತ್ತವೆ, ಬಿಸಿಲಲ್ಲಿ ಗಿಡ ಕಿತ್ತು ತಂದವರು ಮರೆಯಾಗುತ್ತಾರೆ. ಮುದ್ರಿತ ಗ್ರಂಥಗಳ ಮಟ್ಟಿಗೆ ಇದು ಬಹುಪಾಲು ನಿಜ. ಟೆಕ್ಸಸ್‌ನ ಲಿಂಡ್‌ಹೈಮರ್, ನ್ಯೂ ಮೆಕ್ಸಿಕೋದ ಬಂಜರು ಸುತ್ತಿದ ಫೆಂಡ್ಲರ್, ನ್ಯೂಜೆರ್ಸಿಯಿಂದ ಗಿಡ, ಕೀಟಗಳನ್ನು ಗಮನಿಸಿ ಬರೆಯುತ್ತಿದ್ದ ಮೇರಿ ಟ್ರೀಟ್ ಇಂಥವರೆಲ್ಲ ಗ್ರೇ ಬಳಗದವರು. ಅವರ ಕಷ್ಟ, ಕೂಲಿಯ ಲೆಕ್ಕ, ಕಣ್ಣಾರೆ ಕಂಡ ವಿವರ ಸೇರಿಕೊಳ್ಳುವುದು ಪತ್ರಗಳಲ್ಲಿ. ದಾಖಲೆಯನ್ನು ಎಸೆದರೆ ದೊಡ್ಡವರ ಹೆಸರು ಪುಸ್ತಕದಲ್ಲಿ ಹೇಗೂ ಉಳಿಯುತ್ತದೆ. ಅಳಿಯುವುದು ಇವರ ಹೆಸರು. ಹಾಗಾಗಿ ಈ ಆಕ್ಷೇಪ ಉಳಿಸಬೇಕೆನ್ನುವ ವಾದವನ್ನೇ ಬಲಪಡಿಸುತ್ತದೆ.

ಈ ಮಾತು ಕನ್ನಡಿಗರಿಗೆ ದೂರದ್ದಲ್ಲ. ನಮ್ಮ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಐ.ಡಬ್ಲ್ಯೂ. ಬೈಲಿ ಜೊತೆ ಸಂಶೋಧನೆ ನಡೆಸಿದವರು. ಹೂವಿನ ಹೆಣ್ಣುಭಾಗ ಮೂಲದಲ್ಲಿ ನಡುವೆ ಮಡಚಿದ ಎಲೆಯಂತಿತ್ತೆಂದು ವಾದಿಸುವ ಅವರಿಬ್ಬರ 1951ರ ಪ್ರಬಂಧ ಸಸ್ಯರಚನಾಶಾಸ್ತ್ರದಲ್ಲಿ ಹೆಸರಾದದ್ದು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಅದೇ ಸ್ವಾಮಿಯವರು 'ಹಸುರು ಹೊನ್ನು'ವಿನಲ್ಲಿ ಬರೆದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಬಂಧದಲ್ಲಿ ಸೇರದ ಕ್ಷೇತ್ರಕಾರ್ಯದ ಜೀವಂತ ವಿವರ ಎಷ್ಟು ಅಮೂಲ್ಯವೆಂದು ಆ ಪುಸ್ತಕ ಓದಿದವರಿಗೆ ವಿವರಿಸಬೇಕಿಲ್ಲ. ಎಲ್ಲ ಸಸ್ಯಶಾಸ್ತ್ರಜ್ಞರೂ ಸ್ವಾಮಿಯವರಂತೆ ಬರೆಯಲಾರರು, ಆದರೆ ಎಲ್ಲರ ಬಳಿಯೂ ಕ್ಷೇತ್ರಪುಸ್ತಕಗಳಿರುತ್ತವೆ. ಯಾವ ಹಳ್ಳದ ದಂಡೆಯಲ್ಲಿ ಯಾವ ತಿಂಗಳು ಯಾವ ಗಿಡ ಹೂಬಿಟ್ಟಿತ್ತು, ಊರಿನವರು ಅದನ್ನು ಏನೆಂದು ಕರೆದರು ಎಂಬುದು ಇರುವುದು ಅಲ್ಲಿ. ಹವೆ ಬದಲಾಗುತ್ತಿರುವ, ಕಾಡು ಕರಗುತ್ತಿರುವ ಈ ಹೊತ್ತಿನಲ್ಲಿ ಮಲೆನಾಡಿನ ಐವತ್ತು ವರ್ಷದ ಹಿಂದಿನ ಸ್ಥಿತಿಗೆ ಅದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಆದ್ದರಿಂದ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ವಿಭಾಗಗಳು ಒಂದು ನಿಯಮ ಮಾಡಿಕೊಳ್ಳಲಿ: ಪ್ರಾಧ್ಯಾಪಕರು ನಿವೃತ್ತರಾಗುವಾಗ ಅವರ ಮಾದರಿಗಳ ಜೊತೆಗೆ ಕ್ಷೇತ್ರಪುಸ್ತಕ, ಪತ್ರ, ಚಿತ್ರಗಳನ್ನೂ ಪಟ್ಟಿ ಮಾಡಿ ಪಡೆಯಬೇಕು, ಒಂದೇ ಸೂರಿನಡಿ ಇಡಬೇಕು. ಅಂಥವರು ಮನೆಯಲ್ಲಿದ್ದು ಹೋಗಿದ್ದರೆ, ಅಟ್ಟದ ಮೇಲಿನ ಆ ಕಟ್ಟುಗಳನ್ನು ರದ್ದಿಗೆ ಹಾಕುವ ಮುನ್ನ ಮನೆಯವರು ಹತ್ತಿರದ ಹರ್ಬೇರಿಯಂ ಅನ್ನು ಒಮ್ಮೆ ಕೇಳಲಿ.